ಗೋವಿಂದಯ್ಯನ ಹಾಜರಿ

"ನನ್ನನ್ನ ಕೂತಲ್ಲಿಂದ ಒಂದು ಗೇಣು ಅಲ್ಲಾಡಿಸೋ ಕನ್ನಡಕ ಈ ಭೂಮಿ ಮೇಲೆ ಇನ್ನೂ ಹುಟ್ಟಿಲ್ಲ!"

ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ, ಒಂದು ಭಾನುವಾರ ಬೆಳಗಿನ ಕಾಫಿ ಮುಗಿಸಿ, ಲೋಟವನ್ನು ಟೀಪಾಯಿಗೆ ಕುಟ್ಟಿ, ಎಪ್ಪತ್ತೆರಡು ವರ್ಷದ ಗೋವಿಂದಯ್ಯನವರು ಹೀಗೊಂದು ಭೀಷ್ಮಪ್ರತಿಜ್ಞೆ ಮಾಡಿದರು. ಭೀಷ್ಮನಿಗೆ ಪುಷ್ಪವೃಷ್ಟಿಯಾಗಿತ್ತಂತೆ. ಇವರಿಗೆ ಒಳಗಿನಿಂದ ಹೆಂಡತಿ ಬಂಗಾರಮ್ಮನ ದನಿ ಬಂತು. "ಲೋಟಕ್ಕೆ ಯಾಕ್ರೀ ಶಿಕ್ಷೆ? ಅದೇನು ಮಾಡ್ತು?"

ಪ್ರತಿಜ್ಞೆಗೆ ಕಾರಣ ಮೊಮ್ಮಗಳು ಇಂಪನಾ. ಶಂಕರಘಟ್ಟದ ಯೂನಿವರ್ಸಿಟಿಗೆ ದಿನಾ ಬಸ್ಸಿನಲ್ಲಿ ಹೋಗಿಬಂದು ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ. ಅವಳ ಹತ್ತಿರ ಒಂದು ಕಪ್ಪು ಡಬ್ಬಿ ಇತ್ತು. ಗಾಣದ ಎತ್ತಿಗೆ ಕಟ್ಟುವ ಕಣ್ಣುಪಟ್ಟಿ ಇಂಗ್ಲಿಷ್ ಕಲಿತು ದಪ್ಪಗಾದರೆ ಹೇಗಿರುತ್ತದೋ ಹಾಗೆ. ಅದನ್ನು ಕಣ್ಣಿಗೆ ಕಟ್ಟಿಕೊಂಡರೆ ಕೂತ ಕೋಣೆ ಮಾಯವಾಗಿ ಇನ್ಯಾವುದೋ ಜಾಗ ಸುತ್ತಲೂ ಕಾಣುತ್ತದೆ. ತಲೆ ತಿರುಗಿಸಿದತ್ತ ಅದೂ ತಿರುಗುತ್ತದೆ. ಹಾಗೆ ನೋಡಿದವರಿಗೆ "ನಾನು ಅಲ್ಲೇ ಇದ್ದೀನಿ" ಎಂಬ ಭಾವ ಎಷ್ಟು ಬಂತು ಎಂದು ಅಳೆಯುವುದೇ ಇಂಪನಾಳ ಸಂಶೋಧನೆ. ಅಳತೆಗೋಲು ಹನ್ನೆರಡು ಪ್ರಶ್ನೆಯ ಒಂದು ಹಾಳೆ. ಒಂದು ಅಂದರೆ 'ಇಲ್ಲವೇ ಇಲ್ಲ', ಏಳು ಅಂದರೆ 'ಪೂರ್ತಿ ಹೌದು'.

"ಇದನ್ನ ಅಳೆಯೋಕೆ ಮೂರು ವರ್ಷ ಓದಬೇಕಾ?" ಎಂದು ಗೋವಿಂದಯ್ಯನವರು ನಕ್ಕಿದ್ದರು. "ನಮ್ಮ ಭದ್ರಾವತಿ ಫೌಂಡ್ರೀಲಿ ಹನ್ನೆರಡು ಪ್ರಶ್ನೆ ಇರಲಿಲ್ಲಮ್ಮ. ಗೇಟಲ್ಲಿ ಒಂದು ಹಲಗೆ, ಹಲಗೆ ಮೇಲೆ ಮೊಳೆ, ಮೊಳೇಲಿ ನನ್ನ ಹಿತ್ತಾಳೆ ಟೋಕನ್, ನಂಬರ್ ಇನ್ನೂರ ಹದಿನಾಲ್ಕು. ಪೆಟ್ಟಿಗೆಗೆ ಠಣ್ ಅಂತ ಹಾಕಿದ್ರೆ ಗೋವಿಂದಯ್ಯ ಒಳಗಿದ್ದಾನೆ. ಹಾಕಲಿಲ್ಲ ಅಂದ್ರೆ ಇಲ್ಲ. ಮುಗೀತು!"

"ತಾತ, ಟೋಕನ್ ಹಾಕಿದೋರ ಮನಸ್ಸೂ ಅಲ್ಲೇ ಇತ್ತು ಅಂತ ಹೇಗೆ ಹೇಳ್ತೀರ?"

"ಮನಸ್ಸಿಗೆ ಸಂಬಳ ಕೊಡ್ತಿರಲಿಲ್ಲಮ್ಮ."

"ಅಳೆಯೋದಾದ್ರೆ ನಮ್ಮನೇಲೇ ಅಳೀಬಹುದಿತ್ತಲ್ಲೇ," ಎಂದು ಬಂಗಾರಮ್ಮ ರವೆ ಹುರಿಯುತ್ತಲೇ ಸೇರಿಸಿದ್ದರು. "ನಿಮ್ಮ ತಾತ ಟಿವಿ ಮುಂದೆ ಕೂತ್ರೆ ಇಲ್ಲಿರೋದು ಬನಿಯನ್ ಮಾತ್ರ. ಕರೆದ್ರೆ ಬನಿಯನ್ ಹೂಂ ಅನ್ನುತ್ತೆ."

ಈಗ ಸಂಗತಿ ಕೊಂಚ ಬಿಗಿಯಾಗಿತ್ತು. ಇಂಪನಾಳ ಗೈಡ್ ಷಡಕ್ಷರಪ್ಪನವರಿಗೆ ಒಂದು ಅನುಮಾನ. ವಯಸ್ಸಾದವರು ಇಂಥ ಹಾಳೆಯಲ್ಲಿ ನಿಜ ಬರೆಯುವುದಿಲ್ಲ, ಮರ್ಯಾದೆಗೆ ತಕ್ಕ ಹಾಗೆ ಬರೆಯುತ್ತಾರೆ ಎಂದು. "ನಿನ್ನ ಹಾಳೆ ಹಿರಿಯರ ಹತ್ತಿರ ಕೆಲಸ ಮಾಡುತ್ತೆ ಅಂತ ನನ್ನ ಕಣ್ಣೆದುರಿಗೆ ತೋರಿಸು. ಇಲ್ಲದಿದ್ರೆ ಪ್ರಶ್ನೆಗಳನ್ನ ಮೊದಲಿಂದ ಬರೀಬೇಕಾಗುತ್ತೆ," ಎಂದಿದ್ದರು. ಮೊದಲಿನಿಂದ ಅಂದರೆ ಇನ್ನೊಂದು ವರ್ಷ. ಅದಕ್ಕೇ ಆ ಭಾನುವಾರ ಹತ್ತು ಗಂಟೆಗೆ ಅವರೇ ಮನೆಗೆ ಬರುವವರಿದ್ದರು. ಪರೀಕ್ಷೆಗೆ ಕೂರುವ ಹಿರಿಯರು ಬೇರೆ ಯಾರು? ನಮ್ಮ ಗೋವಿಂದಯ್ಯನವರೇ!

"ತಾತ, ನೀವು ಗೆಲ್ಲಬೇಕಾಗಿಲ್ಲ. ಅನ್ನಿಸಿದ್ದನ್ನ ಬರೆದ್ರೆ ಸಾಕು," ಎಂದು ಇಂಪನಾ ಮೂರು ಸಲ ಬೇಡಿಕೊಂಡಳು.

ಆದರೆ ಮೂವತ್ತೆರಡು ವರ್ಷ ಕುದಿಯುವ ಕಬ್ಬಿಣದ ಮುಂದೆ ನಿಂತ ಮನುಷ್ಯ, ಒಂದು ಡಬ್ಬಿಯ ಮುಂದೆ ಸೋಲುವುದುಂಟೇ? ಕುಲುಮೆಯ ಬಾಗಿಲು ತೆಗೆದರೆ ಬಾಯಲ್ಲಿದ್ದ ಹಸಿ ಅಡಿಕೆ ಹುರಿದಡಿಕೆಯಾಗುತ್ತಿತ್ತು ಎಂದು ಅವರೇ ಹೇಳುತ್ತಿದ್ದರು. ಒಮ್ಮೆ ಜೇಬಿನಲ್ಲಿಟ್ಟ ಹಪ್ಪಳ ಊಟದ ಹೊತ್ತಿಗೆ ತಾನಾಗಿ ಸುಟ್ಟುಕೊಂಡಿತ್ತಂತೆ. ಇವೆಲ್ಲಕ್ಕೂ ಕಳಸವಿಟ್ಟ ಹಾಗೆ ಸಿದ್ದಯ್ಯನ ಕಥೆ! ಮೂವತ್ತೈದು ವರ್ಷದ ಹಿಂದೆ, ಮಧ್ಯಾಹ್ನ ಮೂರಕ್ಕೆ ಇಪ್ಪತ್ತು ನಿಮಿಷ ಇರುವಾಗ, ಕರಗಿದ ಕಬ್ಬಿಣ ತುಂಬಿದ ಲ್ಯಾಡಲ್ ಎಂಬ ದೊಡ್ಡ ತೊಟ್ಟಿ ವಾಲಿ, ಬೆನ್ನು ಹಾಕಿ ನಿಂತಿದ್ದ ಗೆಳೆಯ ಸಿದ್ದಯ್ಯನ ಕಾಲ ಬುಡಕ್ಕೆ ಬೆಂಕಿಯ ಹೊಳೆ ಹರಿದಾಗ, ಒಬ್ಬನೇ ಒಬ್ಬ ವೀರ ಹಾರಿ ಬಂದು, ಬುಟ್ಟಿಗಟ್ಟಲೆ ಮರಳು ಸುರಿದು, ಗೆಳೆಯನನ್ನು ಎಳೆದುಕೊಂಡ. ಆ ವೀರ ಯಾರೆಂದು ಹೇಳಬೇಕಿಲ್ಲ. ಸಾಕ್ಷಿಗೆ ಕಂಪನಿ ಬಹುಮಾನ ಕೊಟ್ಟ ಗಡಿಯಾರ ಹಾಲ್‌ನ ಗೋಡೆಯ ಮೇಲಿತ್ತು. ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುತ್ತಿತ್ತು. ಅದು ಬೇರೆ ಮಾತು.

ಹತ್ತು ಗಂಟೆಗೆ ಸರಿಯಾಗಿ, ಅಂದರೆ ಆ ಗಡಿಯಾರದಲ್ಲಿ ಒಂಬತ್ತೂ ಐವತ್ತಕ್ಕೆ, ಷಡಕ್ಷರಪ್ಪನವರು ಬಂದರು. ಇಸ್ತ್ರಿ ಮಾಡಿದ ನೀಲಿ ಅಂಗಿ, ಮೆಲ್ಲಗಿನ ಮಾತು. ಅವರಿಗೆಂದೇ ಬಂಗಾರಮ್ಮ ರವೆ ಉಂಡೆ ಕಟ್ಟಲು ಹೊರಟಿದ್ದರು. ಹುರಿದ ಎರಡು ಸೇರು ರವೆ ದೊಡ್ಡ ತಟ್ಟೆಯಲ್ಲಿ ಟೀಪಾಯಿಯ ಮೇಲೆ, ಫ್ಯಾನಿನ ಕೆಳಗೆ ಆರುತ್ತಿತ್ತು. ಮೇಷ್ಟ್ರು ಎದುರಿನ ಕುರ್ಚಿಯಲ್ಲಿ ಕಾಫಿ ಹಿಡಿದು ಕೂತರು. ಗೋವಿಂದಯ್ಯನವರು ನಡುವಿನ ಸ್ಟೂಲಿನ ಮೇಲೆ ಸಿಂಹಾಸನವೇರಿದಂತೆ ವಿರಾಜಮಾನರಾದರು. ಇಂಪನಾ ಡಬ್ಬಿ ಕಟ್ಟಿದಳು.

"ನಿಮಗೆ ಅಂತಾನೇ ಒಂದು ಜಾಗ ಮಾಡಿದೀನಿ ತಾತ. ಸರ್‌ಪ್ರೈಸ್!"

ಕತ್ತಲೆ ಸರಿದು ಬೆಳಕಾಯಿತು. ತಗಡಿನ ಮಾಡು. ಮರಳು ಹಾಸಿದ ನೆಲ. ಮೇಲೆ ಕ್ರೇನು.

"ಹೋ! ನಮ್ಮ ಶೆಡ್ಡು! ಸುಣ್ಣ ಯಾರೇ ಹೊಡೆಸಿದ್ದು? ನಮ್ಮದು ಇಷ್ಟು ಚೊಕ್ಕ ಇರಲಿಲ್ಲ!" ಎಂದು ಗೋವಿಂದಯ್ಯನವರು ಕಾಲ ಮೇಲೆ ಕಾಲು ಹಾಕಿದರು. "ಸಾರ್, ನೋಡ್ಕೊಳ್ಳಿ. ಅಲ್ಲಾಡ್ತಿದ್ದೀನಾ?"

"ಇಲ್ಲ ಯಜಮಾನ್ರೇ," ಎಂದರು ಷಡಕ್ಷರಪ್ಪನವರು.

ಆಮೇಲೆ ಗೋವಿಂದಯ್ಯನವರು ತಲೆಯನ್ನು ಎಡಕ್ಕೆ ತಿರುಗಿಸಿದರು. ಕಂಬದ ಮೇಲೆ ಒಂದು ಗಡಿಯಾರ. ಮೂರಕ್ಕೆ ಇಪ್ಪತ್ತು ನಿಮಿಷ. ಬಲಕ್ಕೆ ತಿರುಗಿಸಿದರು. ನೀಲಿ ಅಂಗಿಯ ಒಬ್ಬ ಮನುಷ್ಯ ಬೆನ್ನು ಹಾಕಿ ನಿಂತಿದ್ದ. ಹೆಗಲ ಮೇಲೆ ಹಳದಿ ದಾರದ ತೇಪೆ. ಸಿದ್ದಯ್ಯನ ಹೆಂಡತಿ ಪ್ರೇಮಮ್ಮ ಹಾಕಿದ ತೇಪೆ. ಆ ತೇಪೆಯನ್ನು ಕಥೆಯಲ್ಲಿ ಸೇರಿಸಿದ್ದು ಇವರೇ. ಮೊಮ್ಮಗಳು ಚಿಕ್ಕಂದಿನಿಂದ ನೂರು ಸಲ ಕೇಳಿದ ಕಥೆಯನ್ನು ಮೊಳೆಯೂ ಬಿಡದೆ ಕಂಪ್ಯೂಟರಿನಲ್ಲಿ ಕಟ್ಟಿಬಿಟ್ಟಿದ್ದಳು! ಒಂದನ್ನು ಮಾತ್ರ ಕಟ್ಟಿರಲಿಲ್ಲ. ಮರಳಿನ ಬುಟ್ಟಿಯ ಪಕ್ಕದಲ್ಲಿ ಗೋವಿಂದಯ್ಯ ನಿಂತಿರಬೇಕಾದ ಜಾಗ ಖಾಲಿ ಇತ್ತು. ನೋಡುವವರಿಗೆಂದು ಬಿಟ್ಟ ಜಾಗ ಅದು.

ಗೋವಿಂದಯ್ಯನವರ ಮೇಲಿನ ಕಾಲು ಕೆಳಗಿಳಿಯಿತು.

ಕ್ರೇನಿನ ಗಂಟೆ ಬಾರಿಸಿತು. ಲ್ಯಾಡಲ್ ವಾಲಿತು.

"ಸಿದ್ದಾ... ಲೋ ಸಿದ್ದಾ, ಹಿಂದೆ ನೋಡೋ!"

ಕಂಪ್ಯೂಟರಿನ ಸಿದ್ದಯ್ಯನಿಗೆ ಬೆನ್ನು ಮಾತ್ರ ಮಾಡಿದ್ದಳು ಇಂಪನಾ. ಕಿವಿ ಇರಲಿಲ್ಲ. ಗೋವಿಂದಯ್ಯನವರು ಎದ್ದು ನಿಂತರು. ಗಂಡ ಕೂಗುವುದು ಕೇಳಿ ಬಂಗಾರಮ್ಮ ಒಂದು ಚೊಂಬು ನೀರು ಹಿಡಿದು ಓಡಿಬಂದರು. "ಏನಾಯ್ತ್ರೀ? ನೀರು ಕುಡೀರಿ, ನೀರು!"

ನೀರು! ಕರಗಿದ ಕಬ್ಬಿಣಕ್ಕೆ ನೀರು ಬಿದ್ದರೆ ಬಾಂಬಿನಂತೆ ಸಿಡಿಯುತ್ತದೆ ಎಂಬುದು ಫೌಂಡ್ರಿಯ ಮೊದಲ ಪಾಠ.

"ನೀರು ತರಬೇಡ! ಶೆಡ್ಡೇ ಹಾರಿಹೋಗುತ್ತೆ! ಮರಳು! ಮರಳು!" ಎಂದು ಅವರು ಬೀಸಿದ ಕೈಗೆ ಚೊಂಬು ಕಿಟಕಿಯತ್ತ ಪ್ರಯಾಣ ಬೆಳೆಸಿತು. ಇನ್ನೊಂದು ಕೈ ಟೀಪಾಯಿಗೆ ತಾಗಿತು. ಬೆರಳಿಗೆ ಸಿಕ್ಕಿದ್ದು ಸಣ್ಣಗಿತ್ತು, ಒಣಗಿತ್ತು, ಎರಕದ ಮರಳಿನ ಹಾಗೆ ಬೆಚ್ಚಗೂ ಇತ್ತು. ಇನ್ನೇನು ಬೇಕು? ಬೊಗಸೆ ತುಂಬಿ ಎಸೆದರು. ಇನ್ನೊಂದು ಬೊಗಸೆ. ಸಾಲಲಿಲ್ಲ. ತಟ್ಟೆಯನ್ನೇ ಎತ್ತಿ ಸುರಿದರು. ನೀಲಿ ಅಂಗಿಯವನನ್ನು ತೋಳು ಹಿಡಿದು ಎಳೆದು ನೆಲಕ್ಕೆ ಕೆಡವಿ ಮೇಲೆ ಬಿದ್ದರು.

ನೀಲಿ ಅಂಗಿಯವರು ಷಡಕ್ಷರಪ್ಪನವರು.

ಇಂಪನಾ ಡಬ್ಬಿ ಕಿತ್ತಳು. ಫ್ಯಾನು ತನ್ನ ಪಾಲಿನ ಸೇವೆ ಮಾಡುತ್ತಲೇ ಇತ್ತು. ರವೆ ಪರದೆಯ ಮೇಲೆ, ದೇವರ ಫೋಟೊ ಮೇಲೆ, ಟಿವಿಯ ಹಿಂದೆ. ಮೇಷ್ಟ್ರು ಭಸ್ಮಾಭಿಷೇಕವಾದ ಶಿವಲಿಂಗದಂತೆ ಎದ್ದು ಕೂತರು. ಅವರ ಕಾಫಿ ಲೋಟದಲ್ಲಿ ರವೆ ಮೆಲ್ಲಗೆ ಉಬ್ಬುತ್ತಿತ್ತು. ಇನ್ನೈದು ನಿಮಿಷ ಬಿಟ್ಟರೆ ಕಾಫಿ ಕೇಸರಿಬಾತ್!

"ನಿಮಗೇನೂ ಆಗಲಿಲ್ಲ ತಾನೆ ಯಜಮಾನ್ರೇ?" ಎಂದು ಅವರೇ ಕೇಳಿದರು. ಮಾತಾಡುವಾಗ ಬಾಯಿಂದ ಸ್ವಲ್ಪ ರವೆ ಬಂತು.

ಎಂಥವರಿಗಾದರೂ ಇಷ್ಟಾದ ಮೇಲೆ ಬುದ್ಧಿ ಬರಬೇಕು. ಗೋವಿಂದಯ್ಯನವರು ಅಂಗಿ ಕೊಡವಿ, ಹಾಳೆ ತೆಗೆದುಕೊಂಡು, ಹನ್ನೆರಡು ಪ್ರಶ್ನೆಗೂ ಒಂದು, ಒಂದು, ಒಂದು ಎಂದು ಗುಂಡಗೆ ಬರೆದು ಕೊಟ್ಟರು.

"ತಾತ! ಇದೇನಿದು? 'ನೀವು ನಿಜವಾಗಿ ಆ ಜಾಗದಲ್ಲೇ ಇದ್ದೀರಿ ಅನ್ನಿಸಿತೇ?' ಒಂದಾ?"

"ನಾನು ಅಲ್ಲಿಗೆ ಹೋಗೇ ಇಲ್ಲ."

"ಮತ್ತೆ ಮರಳು, ಮರಳು ಅಂತ ಕೂಗಿದ್ದು?"

"ಗಂಟಲು ಕಟ್ಟಿತ್ತು. ಸರಿಮಾಡ್ಕೊಂಡೆ."

"ಸರ್‌ನ ಕೆಡವಿದ್ದು?"

ಗೋವಿಂದಯ್ಯನವರು ಇದಕ್ಕೆ ಉತ್ತರ ಹುಡುಕುವಷ್ಟರಲ್ಲಿ ಷಡಕ್ಷರಪ್ಪನವರು ಹಾಳೆ ತೆಗೆದುಕೊಂಡರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿರುತ್ತಿತ್ತು.

"ಇಂಪನಾ, ನಿನ್ನ ಹಾಳೆ ಒಂದು ಹೇಳ್ತಿದೆ, ನನ್ನ ಅಂಗಿ ಇನ್ನೊಂದು ಹೇಳ್ತಿದೆ. ನಾನು ನನ್ನ ಅಂಗಿ ನಂಬ್ತೀನಮ್ಮ. ಪ್ರಶ್ನೆಗಳನ್ನ ಮೊದಲಿಂದ ಮಾಡೋಣ."

ಇಂಪನಾ ನೆಲದ ಮೇಲೆ ಕೂತು, ಚೆಲ್ಲಾಡಿದ್ದ ಹಾಳೆಗಳನ್ನು ಒಂದೊಂದಾಗಿ ಹೆಕ್ಕಿ, ರವೆ ಊದಿ, ಅಂಚು ಸರಿಮಾಡಿ ಜೋಡಿಸತೊಡಗಿದಳು. ಅಳುವ ಮಕ್ಕಳನ್ನು ನೋಡಬಹುದು. ಅಳದೆ ಹಾಳೆ ಜೋಡಿಸುವ ಮೊಮ್ಮಗಳನ್ನು ನೋಡುವುದು ಕಷ್ಟ. ಗೋವಿಂದಯ್ಯನವರು ತಲೆಯ ರವೆ ಕೊಡವುವ ನೆಪ ಮಾಡಿ ಹಿತ್ತಿಲಿಗೆ ಹೋದರು.

ಹಿಂದೆಯೇ ಬಂಗಾರಮ್ಮ ಬಂದರು. ಕೈಯಲ್ಲಿ ಪೊರಕೆ.

"ಹೊಡೆಯೋಕೆ ತಂದಿಲ್ಲ. ಗುಡಿಸೋಕೆ ತಂದೆ. ನೀವೇ ಗುಡಿಸ್ಬೇಕು," ಎಂದು ಕೈಗೆ ಕೊಟ್ಟು ಕಲ್ಲಿನ ಮೇಲೆ ಕೂತರು. "ಒಂದು ಬರೆದಿದ್ದು ಯಾಕೆ ಅಂತ ನಂಗೊತ್ತು."

"ಏನು ಗೊತ್ತು ಮಾರಾಯ್ತಿ ನಿಂಗೆ?"

"ಏಳು ಬರೆದ್ರೆ, ಅಲ್ಲಿದ್ದಂಗೆ ಅನ್ನಿಸ್ತು ಅಂತ ಆಗುತ್ತೆ. ಮೊದಲನೇ ಸಲ."

ಗೋವಿಂದಯ್ಯನವರು ಪೊರಕೆ ಹಿಡಿದೇ ಹೆಂಡತಿಯತ್ತ ತಿರುಗಿದರು.

"ಆವತ್ತು ನಿಮ್ಮ ಅಂಗಿ ಒಗೆದೋಳು ನಾನೇ ಅಲ್ವಾ? ಜೇಬಲ್ಲಿ ಅರ್ಧ ಟಿಕೆಟ್ಟಿತ್ತು. ಮ್ಯಾಟಿನಿ."

ಹೌದು. ಆ ಮಧ್ಯಾಹ್ನ ಮೂರಕ್ಕೆ ಇಪ್ಪತ್ತು ನಿಮಿಷ ಇರುವಾಗ ಗೋವಿಂದಯ್ಯ ಭದ್ರಾವತಿಯ ಟಾಕೀಸಿನ ಬೆಂಚಿನ ಮೇಲಿದ್ದರು. ಇನ್ನೂರ ಹದಿನಾಲ್ಕನೇ ಟೋಕನ್ನನ್ನು ಅವರ ಪರವಾಗಿ ಪೆಟ್ಟಿಗೆಗೆ ಹಾಕಿದ್ದು ಸಿದ್ದಯ್ಯ. ಒಬ್ಬರಿಗೊಬ್ಬರು ಹಾಕಿಕೊಳ್ಳುವುದು ಗೆಳೆತನದ ಮರ್ಯಾದೆಯಾಗಿತ್ತು. ಲ್ಯಾಡಲ್ ವಾಲಿದಾಗ ಮರಳಿನ ಬುಟ್ಟಿಯ ಹತ್ತಿರ ಯಾರೂ ಇರಲಿಲ್ಲ. ಸಿದ್ದಯ್ಯ ತಾನೇ ಹಾರಿದ. ಎಡಗಾಲಿನ ಎರಡು ಬೆರಳು ಹೋದವು. ಸಾಹೇಬರು ಆಸ್ಪತ್ರೆಗೆ ಬಂದು ಕೇಳಿದಾಗ, ಟೋಕನ್ನಿನ ಗುಟ್ಟು ಹೊರಬಿದ್ದರೆ ಇಬ್ಬರ ಕೆಲಸವೂ ಹೋಗುತ್ತದೆಂದು, ಆ ನೋವಿನಲ್ಲೂ ಸಿದ್ದಯ್ಯ ಹೇಳಿದ, "ಗೋವಿಂದ ಇದ್ದ ಸಾರ್. ಮರಳು ಹಾಕಿ ಅವನೇ ಉಳಿಸಿದ."

ಹೀಗೆ ಗಡಿಯಾರ ಬಂತು. ಗಡಿಯಾರದ ಹಿಂದೆ ಕಥೆ ಬಂತು. ಹಾರಿ ಬರುವುದು, ಎಳೆದುಕೊಳ್ಳುವುದು, ಇವೆಲ್ಲ ಆ ದಿನ ತೆರೆಯ ಮೇಲೆ ಯಾವನೋ ಹೀರೊ ಮಾಡಿದ್ದು. ಅವನಿಗೆ ಗೋವಿಂದಯ್ಯ ಸೀಟಿ ಹೊಡೆದಿದ್ದರು. ವರ್ಷಕ್ಕೆ ಎರಡು ಬುಟ್ಟಿಯಂತೆ ಮರಳು ಹೆಚ್ಚುತ್ತಾ ಹೋಯಿತು.

"ಮೂವತ್ತೈದು ವರ್ಷ ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ?"

"ಕಥೆ ಚೆನ್ನಾಗಿತ್ತು," ಎಂದರು ಬಂಗಾರಮ್ಮ. "ಆದ್ರೆ ಇವತ್ತು ನೀವು ಕೂಗಿದ್ದು ಕಥೆ ದನಿ ಅಲ್ಲ ಕಣ್ರೀ. ನನ್ನ ಮೈ ಜುಂ ಅಂತು."

ಗೋವಿಂದಯ್ಯನವರು ಪೊರಕೆಯ ತುದಿ ನೋಡಿದರು. ಅವರಿಗೆ ಕಾಣುತ್ತಿದ್ದುದು ಆ ಬೆನ್ನು. ಸಿದ್ದಯ್ಯನ ಮುಖವನ್ನು ಸಾವಿರ ಸಲ ನೋಡಿದ್ದರು. ಕುಂಟುವ ಕಾಲನ್ನು ನೋಡಿದ್ದರು. ಏನೂ ಗೊತ್ತಿಲ್ಲದೆ ನಿಂತ ಆ ಬೆನ್ನನ್ನು ಮಾತ್ರ ಇದುವರೆಗೆ ನೋಡಿರಲಿಲ್ಲ. ನೋಡಬೇಕಾದವರು ಮ್ಯಾಟಿನಿಯಲ್ಲಿದ್ದರಲ್ಲ!

ಅವರು ಪೊರಕೆ ಹಿಡಿದೇ ಒಳಗೆ ಬಂದರು. "ಸಾರ್, ಕೂತ್ಕೊಳ್ಳಿ. ಮಗಾ, ಪೆನ್ನು ಕೊಡು. ಹಾಳೆದು ತಪ್ಪಲ್ಲ. ಸುಳ್ಳು ಬರೆದೋನು ನಾನು. ಇದೇ ಮೊದಲಲ್ಲ." ಹೀಗೆ ಶುರುಮಾಡಿ, ಟೋಕನ್ನಿನಿಂದ ಟಿಕೆಟ್ಟಿನವರೆಗೆ ಎಲ್ಲವನ್ನೂ ಹೇಳಿಬಿಟ್ಟರು. ಜೀವನದಲ್ಲಿ ಮೊದಲ ಬಾರಿಗೆ ಒಂದು ಕಥೆಯನ್ನು ಇದ್ದದ್ದಕ್ಕಿಂತ ಚಿಕ್ಕದಾಗಿ ಹೇಳಿದರು. ಹೇಳಿ ಮುಗಿಸಿ, ಹೊಸ ಹಾಳೆಯಲ್ಲಿ ಹನ್ನೊಂದು ಪ್ರಶ್ನೆಗೆ ಏಳು ಬರೆದರು.

ಹನ್ನೆರಡನೆಯದರ ಹತ್ತಿರ ಪೆನ್ನು ನಿಂತಿತು. 'ಅಲ್ಲಿ ನಿಮ್ಮ ಜೊತೆ ಇನ್ನೊಬ್ಬರು ಇದ್ದಾರೆ ಅನ್ನಿಸಿತೇ?'

"ಇದಕ್ಕೂ ಏಳೇ. ಆದ್ರೆ ಆವತ್ತು ಸಿದ್ದನಿಗೆ ನಾನಿದ್ದೀನಿ ಅನ್ನಿಸಿರಲ್ಲ," ಎಂದರು ಮೆಲ್ಲಗೆ.

ಇಂಪನಾ ತಾತನ ತಲೆಯ ಮೇಲಿನ ರವೆಯನ್ನು ಕೈಯಿಂದ ಒರೆಸಿದಳು. ಅಷ್ಟೇ.

ಷಡಕ್ಷರಪ್ಪನವರು ಎರಡು ಹಾಳೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. "ಮೊದಲು ಬರೆದಿದ್ದನ್ನ ತಿದ್ದೋ ಹಾಗಿಲ್ಲ. ಆದ್ರೆ ಯಾಕೆ ಹಾಗೆ ಬರೆದ್ರು ಅನ್ನೋದೂ ಸಂಶೋಧನೇನೇ. ಹಾಳೆ ಆದ್ಮೇಲೆ ಮಾತೂ ಕೇಳಬೇಕು ಅಂತ ಸೇರಿಸೋಣ. ನಿಜವಾಗಿ ಅಲ್ಲಿದ್ದವರು ಒಬ್ಬರು ಇದನ್ನ ನೋಡಿ ಹೇಳಿದ್ರೆ, ಪ್ರಶ್ನೆಗಳನ್ನ ಹೀಗೇ ಇಟ್ಕೋಬಹುದು. ಆ ಸಿದ್ದಯ್ಯ ಒಪ್ತಾರಾ?"

ಮರುದಿನ ಬೆಳಿಗ್ಗೆ ಅಜ್ಜಿ, ತಾತ, ಮೊಮ್ಮಗಳು ಭದ್ರಾವತಿಗೆ ಹೊರಟರು. ಹೆಂಗಸರಿಗೆ ಪುಕ್ಕಟೆ ಎಂದು ಬಂಗಾರಮ್ಮ ಸರ್ಕಾರಿ ಬಸ್ಸಿಗೇ ಕಾಯಿಸಿದರು. ಇಡೀ ಪರಿವಾರಕ್ಕೆ ಟಿಕೆಟ್ಟು ಕೊಂಡವರು ಗೋವಿಂದಯ್ಯ ಒಬ್ಬರೇ. ತೊಡೆಯ ಮೇಲೆ ನ್ಯೂಸ್‌ಪೇಪರಿನಲ್ಲಿ ಸುತ್ತಿದ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಪಕ್ಕದವನು ಎರಡು ಸಲ ನೋಡಿ ಎದ್ದು ಹಿಂದಿನ ಸೀಟಿಗೆ ಹೋದ.

ಸಿದ್ದಯ್ಯ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಗೋವಿಂದಯ್ಯನವರು ಗಡಿಯಾರವನ್ನು ಅವರ ಮುಂದಿಟ್ಟು, ಮನೆಯಲ್ಲಿ ಎಲ್ಲ ಹೇಳಿಬಿಟ್ಟೆ ಎಂದರು.

"ಹೇಳ್ಬಿಟ್ಟಾ? ಅಯ್ಯೋ ಪಾಪಿ! ಹೋದ ಯುಗಾದೀಲಿ ನಮ್ಮ ಬೀಗರ ಮುಂದೆ ನಾನು ಇನ್ನೂ ಎರಡು ಬುಟ್ಟಿ ಮರಳು ಸೇರಿಸಿದ್ದೆನಲ್ಲೋ!" ಎಂದರು ಸಿದ್ದಯ್ಯ. ಗಡಿಯಾರವನ್ನು ಕಿವಿಗೆ ಹಿಡಿದು ನೋಡಿದರು. "ಇದು ನಿಧಾನ ಓಡುತ್ತೆ. ನಂಗ್ಯಾಕೆ? ತಗೊಂಡು ಹೋಗು."

ಇಂಪನಾ ಡಬ್ಬಿಯ ವಿಚಾರ ಹೇಳಿದಳು. "ನೋಡೋಕೆ ಕಷ್ಟ ಆಗಬಹುದು ತಾತ. ಬೇಡ ಅಂದ್ರೆ ಬೇಡ. ನಡುವೆ ಕೈ ಎತ್ತಿದ್ರೆ ತಕ್ಷಣ ತೆಗೀತೀನಿ."

"ಕಟ್ಟು ಮಗಾ. ನನ್ನ ಬೆನ್ನು ನಾನೇ ನೋಡಿಲ್ಲ."

ಅವರೆಕಾಯಿಯ ಮೊರವನ್ನು ಮಾತ್ರ ಬಂಗಾರಮ್ಮ ಎತ್ತಿ ದೂರ ಇಟ್ಟರು. ಅನುಭವ!

ಸಿದ್ದಯ್ಯ ಕೂಗಲಿಲ್ಲ, ಏಳಲಿಲ್ಲ. "ನಾನು ಇಷ್ಟು ದಪ್ಪ ಇರಲಿಲ್ಲ," ಎಂದರು ಒಮ್ಮೆ. ಲ್ಯಾಡಲ್ ವಾಲುವ ಹೊತ್ತಿಗೆ, ಅವರಿಗೇ ಗೊತ್ತಿಲ್ಲದ ಹಾಗೆ, ಎಡಗಾಲು ಮಾತ್ರ ನೆಲದಿಂದ ಮೆಲ್ಲಗೆ ಮೇಲೆದ್ದಿತು. ಎದುರಿಗಿದ್ದ ಗೋವಿಂದಯ್ಯನವರು ಎದ್ದು ಬಂದು ಪಕ್ಕದಲ್ಲಿ ಕೂತರು. ಕಾಲು ಎಷ್ಟೋ ಹೊತ್ತಿನ ಮೇಲೆ ಕೆಳಗಿಳಿಯಿತು.

ಇಂಪನಾ ಡಬ್ಬಿ ತೆಗೆದು ಒಂದೊಂದೇ ಪ್ರಶ್ನೆ ಓದಿದಳು. ಅವರು ಯೋಚಿಸಿ ಯೋಚಿಸಿ ಹೇಳಿದರು. ಐದು, ಆರು, ಒಂದಕ್ಕೆ ಮೂರು. "ಶೆಡ್ಡಿನ ವಾಸನೆ ಬರಲಿಲ್ಲ, ಅದಕ್ಕೇ." ಕೊನೆಯದು ಬಂತು.

"ಅಲ್ಲಿ ನಿಮ್ಮ ಜೊತೆ ಇನ್ನೊಬ್ಬರು ಇದ್ದಾರೆ ಅನ್ನಿಸಿತೇ?"

"ಏಳು ಹಾಕು."

"ಯಾರಿದ್ರು ತಾತ?"

"ಗೋವಿಂದ."

ಗೋವಿಂದಯ್ಯನವರ ಗಂಟಲು ಈಗ ನಿಜವಾಗಿಯೂ ಕಟ್ಟಿತು. "ಲೋ ಸಿದ್ದ, ಸುಳ್ಳು ಬರೆಸಬೇಡ. ಮಗೀದು ಓದಿನ ವಿಷಯ. ಇದ್ದೋರು, ಇಲ್ಲದೋರ ಲೆಕ್ಕ ಸರಿಯಾಗಿ ಸಿಗಬೇಕು. ನಾನಿರಲಿಲ್ಲ ಕಣೋ."

ಸಿದ್ದಯ್ಯ ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡು ಒಂದು ಅವರೆಕಾಯಿ ಸುಲಿದರು.

"ಇರಲಿಲ್ಲ ಅಂತ ಹೆಂಗಂತೀಯ ಮಾರಾಯ? ನಿನ್ನ ಟೋಕನ್ನು ನಾನೇ ಹಾಕಿದ್ದೀನಿ!"